ದಡದ ಮೇಲಿನ ಹಡಗುಗಳಲ್ಲಿ ಪಳಗಿದವರು

ನೌಕಾಪಡೆಗಳಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ಎಂದೂ ನೀರಿಗಿಳಿಯದ ಕಲ್ಲುಕಟ್ಟಡಕ್ಕೂ ಅಲ್ಲಿ ಹಡಗಿನ ಹೆಸರಿಡುತ್ತಾರೆ. ತರಬೇತಿ ಶಾಲೆಯಿರಲಿ, ಉಗ್ರಾಣವಿರಲಿ, ಅದು ದಾಖಲೆಯಲ್ಲಿ 'ಹಡಗು'. ಅದರ ನೆಲಕ್ಕೆ 'ಡೆಕ್' ಎನ್ನಬೇಕು. ಗೇಟು ದಾಟಿ ಪೇಟೆಗೆ ಹೊರಟವನು 'ದಡಕ್ಕೆ ಹೋದ' ಎಂದೇ ಲೆಕ್ಕ, ಅವನು ಅಷ್ಟು ಹೊತ್ತೂ ದಡದ ಮೇಲೆಯೇ ಇದ್ದರೂ ಸರಿ. ಬ್ರಿಟಿಷರಿಂದ ಬಂದ ಈ ಪದ್ಧತಿ ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಹಳ್ಳಿಯಿಂದ ಬಂದು ಸಮುದ್ರವನ್ನೇ ಕಾಣದಿದ್ದ ಸಾವಿರಾರು ಭಾರತೀಯ ಹುಡುಗರು ನಾವಿಕರಾದದ್ದು ಇಂಥ ದಡದ ಹಡಗುಗಳಲ್ಲಿಯೇ. 1946ರ ಫೆಬ್ರವರಿಯಲ್ಲಿ ಬ್ರಿಟಿಷ್ ಆಡಳಿತವನ್ನು ನಡುಗಿಸಿದ ನಾವಿಕರ ಬಂಡಾಯ ಹುಟ್ಟಿದ್ದೂ ಅಂಥದೇ ಒಂದು ಶಾಲೆಯಲ್ಲಿ.

ಆ ಬಂಡಾಯದ ಕಥೆ ಹೇಳುವವರು ಸಾಮಾನ್ಯವಾಗಿ ಕಲ್ಲು ಬೆರೆತ ಬೇಳೆಯಿಂದ, ಒಬ್ಬ ಅಧಿಕಾರಿಯ ಬೈಗುಳದಿಂದ ಆರಂಭಿಸುತ್ತಾರೆ. ಅವೆರಡೂ ನಿಜವೇ. ಆದರೆ ಕೆಟ್ಟ ಊಟವಾಗಲಿ ಬೈಗುಳವಾಗಲಿ ಅಂದಿನ ಸೇನಾ ಬ್ಯಾರಕ್ಕುಗಳಿಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಅಲ್ಲಿದ್ದ ಹುಡುಗರು.

1939ರಲ್ಲಿ ಯುದ್ಧ ಆರಂಭವಾದಾಗ ರಾಯಲ್ ಇಂಡಿಯನ್ ನೇವಿ ಬಹಳ ಸಣ್ಣ ಪಡೆ. ಎಂಟು ಯುದ್ಧನೌಕೆಗಳು, ಅಧಿಕಾರಿಗಳೂ ನಾವಿಕರೂ ಸೇರಿ ಎರಡು ಸಾವಿರಕ್ಕೂ ಕಡಿಮೆ ಜನ. ನಾವಿಕರಲ್ಲಿ ಹೆಚ್ಚಿನವರು ರತ್ನಾಗಿರಿಯ ಕರಾವಳಿಯ ಮುಸ್ಲಿಂ ಕುಟುಂಬಗಳವರು ಮತ್ತು ಪಂಜಾಬಿ ಮುಸಲ್ಮಾನರು. ತಂದೆಯ ಹಿಂದೆ ಮಗ, ಅಣ್ಣನ ಹಿಂದೆ ತಮ್ಮ ಎಂಬಂತೆ ಸೇರುತ್ತಿದ್ದ ಮನೆತನಗಳು ಇದ್ದವು. ಯುದ್ಧ ಮುಗಿಯುವ ಹೊತ್ತಿಗೆ ಪಡೆಯ ಬಲ ಮೂವತ್ತು ಸಾವಿರದ ಆಸುಪಾಸಿಗೆ ಏರಿತ್ತು. ಆರು ವರ್ಷದಲ್ಲಿ ಹದಿನೈದು ಪಟ್ಟು! ಇಷ್ಟು ಜನರನ್ನು ಹಳೆಯ ಮನೆತನಗಳಿಂದ ತುಂಬಿಸಲು ಸಾಧ್ಯವಿರಲಿಲ್ಲ. ಬಂಗಾಳ, ಮದರಾಸು, ತಿರುವಾಂಕೂರು, ಮಹಾರಾಷ್ಟ್ರ, ಸಂಯುಕ್ತ ಪ್ರಾಂತ್ಯ ಎನ್ನದೆ ದೇಶದ ಎಲ್ಲ ಕಡೆಯಿಂದ ಭರ್ತಿ ನಡೆಯಿತು.

ಭರ್ತಿಯಾದವರಲ್ಲಿ ಮೆಟ್ರಿಕ್ಯುಲೇಷನ್‌ವರೆಗೆ ಓದಿದವರು ಬಹಳ ಮಂದಿ. ಇದಕ್ಕೆ ಕಾರಣ ಸರಳ. ಭೂಸೇನೆಯ ಸಿಪಾಯಿಗೆ ಓದು ಬರಲೇಬೇಕೆಂದಿರಲಿಲ್ಲ. ಆದರೆ ಹಡಗೆಂದರೆ ಯಂತ್ರಗಳ ಗೂಡು. ರೇಡಿಯೋ, ರೇಡಾರ್, ಟಾರ್ಪೆಡೊ, ಜಲಾಂತರ್ಗಾಮಿಯನ್ನು ಸದ್ದಿನಿಂದ ಪತ್ತೆಹಚ್ಚುವ ಉಪಕರಣ ಇವುಗಳ ಮುಂದೆ ಕೂರುವವನಿಗೆ ಇಂಗ್ಲಿಷ್ ಗೊತ್ತಿರಬೇಕು, ಲೆಕ್ಕ ಗೊತ್ತಿರಬೇಕು. ಆಳುವವರು 'ಯುದ್ಧಪ್ರಿಯ ಜನಾಂಗ'ಗಳ ತಮ್ಮ ಹಳೆಯ ಸಿದ್ಧಾಂತವನ್ನು ಬದಿಗಿಟ್ಟು ಶಾಲೆ ಓದಿದ ಹುಡುಗರನ್ನು ಹುಡುಕಿಕೊಂಡು ಹೋದದ್ದು ಪ್ರೀತಿಯಿಂದಲ್ಲ, ಅನಿವಾರ್ಯದಿಂದ.

ಅವರನ್ನು ಪಳಗಿಸಲು ದಡದ ಉದ್ದಕ್ಕೂ ಶಾಲೆಗಳು ಎದ್ದವು. ಎಲ್ಲಕ್ಕೂ 'ದೊರೆಯ ಭಾರತೀಯ ಹಡಗು' ಎಂಬ ಅರ್ಥದ ಎಚ್.ಎಂ.ಐ.ಎಸ್. ಎಂಬ ಅಕ್ಷರಗಳು, ಮುಂದೆ ಒಂದು ದೇಶಿ ಹೆಸರು. ಕರಾಚಿಯ ಬಂದರಿನಾಚೆ ಮನೋರಾದಲ್ಲಿ ಫಿರಂಗಿ ಶಾಲೆ 'ಹಿಮಾಲಯ', ಹದಿಹರೆಯದ ಹುಡುಗರ ಶಾಲೆ 'ಬಹಾದುರ್'. ರೇಡಾರ್ ಕಲಿಸುವ 'ಚಮಕ್' ಕೂಡ ಕರಾಚಿಯಲ್ಲಿಯೇ ಇತ್ತು. ಜಾಮ್‌ನಗರದ ಬಳಿಯ ರೋಜಿ ದ್ವೀಪದಲ್ಲಿ ಟಾರ್ಪೆಡೊ ಶಾಲೆ 'ವಾಲ್ಸುರಾ' 1942ರ ಡಿಸೆಂಬರಿನಲ್ಲಿ ಆರಂಭವಾಯಿತು. ಮುಂಬಯಿಯ ವರ್ಸೋವಾದಲ್ಲಿದ್ದ ಜಲಾಂತರ್ಗಾಮಿ ನಿರೋಧಕ ಶಾಲೆಗೆ 'ಮಛ್ಲೀಮಾರ್', ಅಂದರೆ ಮೀನು ಹೊಡೆಯುವವನು, ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ರಸಿಕನಿರಬೇಕು. ಯಂತ್ರಕೋಣೆಯ ಕೆಲಸ ಕಲಿಸುವ 'ಶಿವಾಜಿ' 1945ರ ಫೆಬ್ರವರಿಯಲ್ಲಿ ತೆರೆದದ್ದು ಲೋಣಾವಳಾದಲ್ಲಿ. ಅಲ್ಲಿಂದ ಸಮುದ್ರಕ್ಕೆ ಇಡೀ ಘಟ್ಟವನ್ನು ಇಳಿದು ಹೋಗಬೇಕು.

ಈ ಶಾಲೆಗಳಿಂದ ಹೊರಬಿದ್ದವರು ಸುಮ್ಮನೆ ಬಂದರು ಕಾಯಲಿಲ್ಲ. ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿ, ಸಿಸಿಲಿ, ಬರ್ಮಾದ ಅರಾಕಾನ್ ಕರಾವಳಿ ಎಲ್ಲೆಲ್ಲೂ ಭಾರತೀಯ ಹಡಗುಗಳಿದ್ದವು. 1942ರ ಏಪ್ರಿಲಿನಲ್ಲಿ 'ಇಂಡಸ್' ಎಂಬ ಹಡಗು ಅಕ್ಯಾಬ್ ಬಳಿ ಜಪಾನಿ ಬಾಂಬುಗಳಿಗೆ ತುತ್ತಾಗಿ ಮುಳುಗಿತು. ಅದೇ ವರ್ಷ ನವೆಂಬರ್ 11ರಂದು 'ಬೆಂಗಾಲ್' ಎಂಬ ಪುಟ್ಟ ಹಡಗು, 'ಒಂಡಿನಾ' ಎಂಬ ಡಚ್ ತೈಲ ಹಡಗಿಗೆ ಬೆಂಗಾವಲಾಗಿ ಹಿಂದೂ ಮಹಾಸಾಗರದಲ್ಲಿ ಸಾಗುತ್ತಿದ್ದಾಗ ಜಪಾನಿನ ಎರಡು ದೊಡ್ಡ ದಾಳಿ ಹಡಗುಗಳು ಎದುರಾದವು. ತಪ್ಪಿಸಿಕೊಳ್ಳುವ ಬದಲು 'ಬೆಂಗಾಲ್' ನೇರವಾಗಿ ಅವುಗಳತ್ತ ನುಗ್ಗಿತು. ಕಾಳಗದ ಕೊನೆಗೆ ಒಂದು ಜಪಾನಿ ಹಡಗು ಮುಳುಗಿತು. ಅದಕ್ಕೆ ತಗುಲಿದ ಗುಂಡು ಯಾರದ್ದೆಂಬ ವಾದ ಇಂದಿಗೂ ಇದೆ. ಎರಡು ಮಿತ್ರ ಹಡಗುಗಳೂ ಉಳಿದುಕೊಂಡವು ಎಂಬುದರಲ್ಲಿ ಮಾತ್ರ ವಾದವಿಲ್ಲ.

ತಂತಿಯ ಮುಂದೆ ಕುಳಿತವನು

ಇಷ್ಟೆಲ್ಲ ಶಾಲೆಗಳಲ್ಲಿ ಮುಂಬಯಿಯ ಕೊಲಾಬಾದಲ್ಲಿದ್ದ 'ತಲ್ವಾರ್' ಬೇರೆಯೇ ಒಂದು ಜಾಗ. ಅದು ಸಿಗ್ನಲ್ ಶಾಲೆ. ಹಡಗಿನಿಂದ ಹಡಗಿಗೆ ಬಾವುಟದ ಭಾಷೆ, ದೀಪದ ಭಾಷೆ, ಎಲ್ಲಕ್ಕಿಂತ ಮುಖ್ಯವಾಗಿ ಮೋರ್ಸ್ ಸಂಕೇತದ 'ಕಟ್ಟು ಕಡ' ಭಾಷೆಯನ್ನು ಅಲ್ಲಿ ಕಲಿಸುತ್ತಿದ್ದರು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸದ್ದನ್ನು ಅಕ್ಷರವಾಗಿಸುವ ಈ ವಿದ್ಯೆಗೆ ಏಕಾಗ್ರತೆ ಬೇಕು, ಇಂಗ್ಲಿಷ್ ಬೇಕು. ಹಾಗಾಗಿ ಪಡೆಯಲ್ಲಿ ಹೆಚ್ಚು ಓದಿದವರು ಬಂದು ಸೇರುತ್ತಿದ್ದದ್ದು ಇಲ್ಲಿಗೆ.

ಹಡಗಿನಲ್ಲಿ ತಂತಿ ನಾವಿಕನ ಸ್ಥಾನವೂ ವಿಶೇಷ. ದರ್ಜೆಯಲ್ಲಿ ಕೆಳಗಿನವನಾದರೂ ಕ್ಯಾಪ್ಟನ್ನಿಗೆ ಬರುವ ಸುದ್ದಿ ಮೊದಲು ತಲುಪುವುದು ಅವನ ಕಿವಿಗೆ. ಯಾವ ಹಡಗು ಎಲ್ಲಿದೆ, ಯಾವ ಬಂದರಿನಲ್ಲಿ ಏನಾಗುತ್ತಿದೆ ಎಂಬುದು ಅವನಿಗೆ ಗೊತ್ತು. ಸಾಮ್ರಾಜ್ಯವೊಂದು ತನ್ನ ಅತ್ಯಂತ ಗುಟ್ಟಿನ ನರಮಂಡಲವನ್ನು ತಾನು ಸರಿಸಮನೆಂದು ಒಪ್ಪದ ಯುವಕರ ಕೈಗೆ ಕೊಟ್ಟಿತ್ತು. ಅವರಿಗೆ ಅದನ್ನು ನಡೆಸಲು ಚೆನ್ನಾಗಿ ಕಲಿಸಿಯೂ ಇತ್ತು.

ಸರಿಸಮನೆಂದು ಒಪ್ಪದಿದ್ದದ್ದು ಬರೀ ಮಾತಿನಲ್ಲಿ ಅಲ್ಲ. ಅದೇ ಕೆಲಸ ಮಾಡುವ ಬ್ರಿಟಿಷ್ ನಾವಿಕನಿಗೆ ಹೆಚ್ಚಿನ ಸಂಬಳ, ಬೇರೆ ಊಟ, ಬೇರೆ ಸೌಕರ್ಯ. ಭರ್ತಿ ಅಧಿಕಾರಿಗಳು ಕೊಟ್ಟ ಭರವಸೆಗಳು ಬ್ಯಾರಕ್ಕಿನಲ್ಲಿ ಕಾಣಲಿಲ್ಲ. 1945ರ ಆಗಸ್ಟಿನಲ್ಲಿ ಯುದ್ಧ ಮುಗಿದ ಮೇಲಂತೂ ಇನ್ನೊಂದು ಚಿಂತೆ ಸೇರಿತು. ಸಾವಿರಾರು ಜನರನ್ನು ಮನೆಗೆ ಕಳುಹಿಸುವ ಕೆಲಸ ನಿಧಾನವಾಗಿ ನಡೆಯುತ್ತಿತ್ತು. ಹೊರಗೆ ಕೆಲಸ ಸಿಗುವ ಖಾತ್ರಿ ಇರಲಿಲ್ಲ. ಒಳಗೆ ಮಾಡಲು ಕೆಲಸವಿರಲಿಲ್ಲ. ಇದೇ ಹೊತ್ತಿಗೆ ದೆಹಲಿಯ ಕೆಂಪುಕೋಟೆಯಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ನಡೆದು ದೇಶದ ತುಂಬ ಅದೇ ಮಾತಾಗಿತ್ತು. ಓದು ಬಲ್ಲ ನಾವಿಕರು ಪತ್ರಿಕೆ ಓದುತ್ತಿದ್ದರು. 1946ರ ಜನವರಿಯಲ್ಲಿ ಕರಾಚಿಯಿಂದ ಆರಂಭಿಸಿ ಬ್ರಿಟಿಷ್ ವಾಯುಪಡೆಯ ಬಿಳಿಯ ಸೈನಿಕರೇ ತಮ್ಮನ್ನು ಬೇಗ ಮನೆಗೆ ಕಳುಹಿಸಬೇಕೆಂದು ಮುಷ್ಕರ ಹೂಡಿದ್ದನ್ನೂ ಅವರು ಕಂಡಿದ್ದರು.

1945ರ ಡಿಸೆಂಬರ್ 1ರಂದು ನೌಕಾ ದಿನಾಚರಣೆ. ಸಾರ್ವಜನಿಕರ ಭೇಟಿಗಾಗಿ 'ತಲ್ವಾರ್' ಸಿಂಗಾರಗೊಂಡಿತ್ತು. ಬೆಳಗ್ಗೆ ನೋಡಿದರೆ ಗೋಡೆಗಳ ಮೇಲೆ 'ಭಾರತ ಬಿಟ್ಟು ತೊಲಗಿ', 'ಜೈ ಹಿಂದ್', 'ಇನ್ಕಿಲಾಬ್ ಜಿಂದಾಬಾದ್' ಎಂಬ ಬರಹಗಳು. ಬರೆದವರ ಗುಂಪಿನಲ್ಲಿ ಬಲೈ ಚಂದ್ ದತ್ ಎಂಬ ಬಂಗಾಳಿ ತಂತಿ ನಾವಿಕ ಇದ್ದರು. ಫೆಬ್ರವರಿ 2ರಂದು ಅವರು ಸಿಕ್ಕಿಬಿದ್ದು ಬಂಧಿತರಾದರು. ಆರು ದಿನ ಕಳೆದು ಕಮಾಂಡರ್ ಕಿಂಗ್ ಎಂಬ 'ತಲ್ವಾರ್'ನ ಮುಖ್ಯಸ್ಥ ಬ್ಯಾರಕ್ಕಿಗೆ ಬಂದು ನಾವಿಕರನ್ನು ಕೂಲಿಗಳ ಮಕ್ಕಳು, ಕಾಡುಜನ ಎಂದೂ ಅದಕ್ಕಿಂತ ಕೀಳಾಗಿಯೂ ಬೈದ. ಗಮನಿಸಬೇಕಾದ ಸಂಗತಿ ಎಂದರೆ ಹುಡುಗರು ಮೊದಲು ಕೈ ಎತ್ತಲಿಲ್ಲ, ನಿಯಮದಂತೆ ಲಿಖಿತ ದೂರು ಕೊಟ್ಟರು. ದಿನಗಟ್ಟಲೆ ಕಾದ ಮೇಲೆ ಸಿಕ್ಕಿದ್ದು, ಸುಳ್ಳು ದೂರು ಕೊಡುವುದು ಗಂಭೀರ ಅಪರಾಧವೆಂಬ ಎಚ್ಚರಿಕೆ.

ಫೆಬ್ರವರಿ 18ರ ಬೆಳಗ್ಗೆ 'ತಲ್ವಾರ್'ನ ಸುಮಾರು 1,100 ನಾವಿಕರು ಊಟ ಬೇಡ, ಕೆಲಸವೂ ಇಲ್ಲ ಎಂದು ಕುಳಿತರು.

ಮುಂದಿನದು ಸಿಗ್ನಲ್ ಶಾಲೆಯ ಪಾಠದ ಫಲ. ಬೇರೆ ಯಾವುದೇ ಬ್ಯಾರಕ್ಕಿನಲ್ಲಿ ಅನ್ನ ಬಿಟ್ಟಿದ್ದರೆ ಸುದ್ದಿ ಗೋಡೆಯೊಳಗೇ ಉಳಿಯುತ್ತಿತ್ತೇನೋ. ಇಲ್ಲಿ ಮುಷ್ಕರ ಹೂಡಿದವರೇ ಸಂದೇಶ ಕಳುಹಿಸುವ ಕೋಣೆಯ ಒಡೆಯರು. ಬಂದರಿನ ಹಡಗುಗಳಿಗೆ, ದೂರದ ಕರಾಚಿಗೆ, ಪೂರ್ವ ಕರಾವಳಿಗೆ ಸುದ್ದಿ ಹಾರಿತು. ಆಯಾ ಹಡಗುಗಳಲ್ಲಿ ಸಂದೇಶ ಕೇಳಿಸಿಕೊಂಡವರು ಅದೇ ಶಾಲೆಯಲ್ಲಿ ಕಲಿತ ಜೊತೆಗಾರರು. ಆಕಾಶವಾಣಿ ಮತ್ತು ಬಿ.ಬಿ.ಸಿ. ವಾರ್ತೆಗಳೂ ನೆರವಾದವು. ಮರುದಿನವೇ ಮುಂಬಯಿ ಬಂದರಿನ ಹಡಗುಗಳಲ್ಲಿ ಬ್ರಿಟಿಷ್ ಬಾವುಟ ಇಳಿದು ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೆ ಏರಿದವು. ಹೊರಗೆ ಆ ಮೂರು ಪಕ್ಷಗಳ ನಾಯಕರು ಒಂದು ವೇದಿಕೆ ಹತ್ತಲು ಒಪ್ಪದಿದ್ದ ದಿನಗಳವು. ನಾವಿಕರು ಆರಿಸಿದ ಕೇಂದ್ರ ಮುಷ್ಕರ ಸಮಿತಿಯ ಅಧ್ಯಕ್ಷ ಎಂ.ಎಸ್. ಖಾನ್ ಸಿಗ್ನಲ್ ನಾವಿಕ, ಉಪಾಧ್ಯಕ್ಷ ಮದನ್ ಸಿಂಗ್ ತಂತಿ ನಾವಿಕ. ಅವರ ಬೇಡಿಕೆ ಪಟ್ಟಿಯಲ್ಲಿ ಒಳ್ಳೆಯ ಊಟ, ಸಮಾನ ಸಂಬಳದ ಜೊತೆಗೆ ಆಜಾದ್ ಹಿಂದ್ ಫೌಜಿನ ಬಂದಿಗಳ ಬಿಡುಗಡೆಯೂ ಇತ್ತು. 78 ಹಡಗು, 20 ದಡದ ನೆಲೆ, ಸುಮಾರು 20,000 ನಾವಿಕರು ಎಂಬುದು ಪ್ರಚಲಿತ ಲೆಕ್ಕ.

ಫೆಬ್ರವರಿ 21ರಂದು ಮುಂಬಯಿಯ ಕ್ಯಾಸಲ್ ಬ್ಯಾರಕ್ಸಿನಲ್ಲಿ ಸೇನೆಗೂ ನಾವಿಕರಿಗೂ ಗುಂಡಿನ ಕಾಳಗ ನಡೆಯಿತು. ಪಡೆಯ ದಂಡನಾಯಕ ವೈಸ್ ಅಡ್ಮಿರಲ್ ಗಾಡ್‌ಫ್ರೀ ರೇಡಿಯೋದಲ್ಲಿ ಮಾತನಾಡಿ, ನೌಕಾಪಡೆಯೇ ನಾಶವಾದರೂ ಸರಿ, ಬಲ ಪ್ರಯೋಗಿಸುವೆವು ಎಂದು ಬೆದರಿಸಿದ. (ಯುದ್ಧಕಾಲದಲ್ಲಿ ಈತ ಲಂಡನ್ನಿನಲ್ಲಿ ಬೇಹುಗಾರಿಕೆಯ ಮುಖ್ಯಸ್ಥನಾಗಿದ್ದ. ಜೇಮ್ಸ್ ಬಾಂಡನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಈತನ ಕೈಕೆಳಗೆ ಕೆಲಸ ಮಾಡಿದವ.) ಗೇಟ್‌ವೇ ಆಫ್ ಇಂಡಿಯಾ ಬಳಿ ಜನ ಬುತ್ತಿ, ಹಣ್ಣು, ರೊಟ್ಟಿ ತಂದು ನಾವಿಕರಿಗೆ ಕೊಟ್ಟರು. ಹೋಟೆಲಿನವರು, ಅಂಗಡಿಯವರು ಬಾಗಿಲು ತೆರೆದು ಬೇಕಾದ್ದು ಒಯ್ಯಿರೆಂದರು. ಮರುದಿನ ನಗರದಲ್ಲಿ ಹರತಾಳ. ಗಿರಣಿಗಳು ನಿಂತವು. ಸೇನೆ ಬೀದಿಗಿಳಿಯಿತು. ಸರ್ಕಾರಿ ಲೆಕ್ಕದಂತೆಯೇ ಇನ್ನೂರಕ್ಕೂ ಹೆಚ್ಚು ನಾಗರಿಕರು ಗುಂಡಿಗೆ ಬಲಿಯಾದರು. ಕರಾಚಿಯಲ್ಲಿ 'ಬಹಾದುರ್' ಶಾಲೆಯ ಹುಡುಗರೂ ಮುಷ್ಕರಕ್ಕಿಳಿದರು. ಅಲ್ಲಿನ 'ಹಿಂದೂಸ್ತಾನ್' ಎಂಬ ಹಡಗಿನ ಮೇಲೆ 22ರ ಬೆಳಗ್ಗೆ ಸೇನೆಯ ಫಿರಂಗಿಗಳು ಗುಂಡಿನ ಮಳೆಗರೆದು ಶರಣಾಗಿಸಿದವು.

ನಾಯಕರು ಕೈಬಿಟ್ಟರೇ? ಈ ಪ್ರಶ್ನೆಯನ್ನು ಬದುಕುಳಿದ ನಾವಿಕರು ಜೀವನಪೂರ್ತಿ ಕೇಳಿಕೊಂಡರು. ಅರುಣಾ ಅಸಫ್ ಅಲಿ ಬೆಂಬಲಕ್ಕೆ ನಿಂತರು. ಗಾಂಧೀಜಿ ಟೀಕಿಸಿದರು. ಶರಣಾಗುವಂತೆ ಸರ್ದಾರ್ ಪಟೇಲರೂ ಜಿನ್ನಾ ಅವರೂ ಸಲಹೆ ಕೊಟ್ಟರು. ಫೆಬ್ರವರಿ 19ರಂದೇ ಲಂಡನ್ನಿನಲ್ಲಿ ಸಚಿವರ ನಿಯೋಗವನ್ನು ಭಾರತಕ್ಕೆ ಕಳುಹಿಸುವ ಘೋಷಣೆಯಾಗಿತ್ತು. ಅಧಿಕಾರ ಕೈಗೆ ಬರುವ ಹೊಸ್ತಿಲಲ್ಲಿ ಸೇನೆಯ ಶಿಸ್ತು ಮುರಿಯುವುದು ಅವರಿಗೆ ಬೇಡವಾಗಿತ್ತು. ನಾಳೆ ಆ ಸೇನೆ ತಮ್ಮದೇ ಆಗುವುದಿತ್ತಲ್ಲ. ಅವರ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಆದರೆ ಯಾರಿಗೂ ಶಿಕ್ಷೆಯಾಗದಂತೆ ಪಕ್ಷ ನೋಡಿಕೊಳ್ಳುತ್ತದೆ ಎಂಬ ಪಟೇಲರ ಮಾತು ನಂಬಿ 23ರಂದು ಕಪ್ಪು ಬಾವುಟ ಏರಿಸಿ ಶರಣಾದವರಿಗೆ ಆ ಮಾತು ದಕ್ಕಲಿಲ್ಲ.

ನೂರಾರು ಮಂದಿಯನ್ನು ಮುಲುಂದ್ ಮೊದಲಾದ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಪಾಟ್ನಾ ಹೈಕೋರ್ಟಿನ ನ್ಯಾಯಮೂರ್ತಿ ಸರ್ ಸಯ್ಯದ್ ಫಜಲ್ ಅಲಿ ಅವರ ಅಧ್ಯಕ್ಷತೆಯ ತನಿಖಾ ಆಯೋಗ ಭರ್ತಿಯ ವೇಳೆಯ ಸುಳ್ಳು ಭರವಸೆ, ಜನಾಂಗ ಭೇದ, ಊಟ, ಅಧಿಕಾರಿಗಳ ನಡವಳಿಕೆ ಎಲ್ಲವನ್ನೂ ಎತ್ತಿ ಹೇಳಿತು. ಆದರೂ ವಜಾ ಆದವರು ವಜಾ ಆಗಿಯೇ ಉಳಿದರು. ಅವರ ಸಂಖ್ಯೆ 476 ಎಂದು ಹೇಳಲಾಗುತ್ತದೆ. ಸ್ವಾತಂತ್ರ್ಯ ಬಂದ ಮೇಲೂ ಭಾರತದ ನೌಕಾಪಡೆಯಾಗಲಿ ಪಾಕಿಸ್ತಾನದ್ದಾಗಲಿ ಅವರನ್ನು ಮರಳಿ ಕರೆಯಲಿಲ್ಲ. ದತ್ ಅವರು ಪತ್ರಿಕೋದ್ಯಮಕ್ಕೆ, ಅಲ್ಲಿಂದ ಜಾಹೀರಾತು ಕ್ಷೇತ್ರಕ್ಕೆ ಹೋದರು. 1971ರಲ್ಲಿ ಅವರ ನೆನಪುಗಳ ಪುಸ್ತಕ ಬಂತು. ಸ್ವಾತಂತ್ರ್ಯ ಯೋಧರ ಪಿಂಚಣಿಗೆ ಅರ್ಹವಾದ ಚಳವಳಿಗಳ ಪಟ್ಟಿಗೆ ಈ ಬಂಡಾಯ ಸೇರಿದ್ದು ತಡವಾಗಿ. ಕೊಲಾಬಾದಲ್ಲಿ ಸ್ಮಾರಕ ನಿಂತದ್ದು 2001ರಲ್ಲಿ. 2022ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೌಕಾಪಡೆಯೇ ತನ್ನ ಸ್ತಬ್ಧಚಿತ್ರದ ಮುಂಭಾಗದಲ್ಲಿ 1946ರ ಬಂಡಾಯವನ್ನು ತೋರಿಸಿತು. ಅಷ್ಟು ಹೊತ್ತಿಗೆ 76 ವರ್ಷ ಕಳೆದಿತ್ತು.

1947ರಲ್ಲಿ ಹಡಗುಗಳಂತೆ ಶಾಲೆಗಳೂ ಭಾಗವಾದವು. ಹಡಗನ್ನು ಬೇಕೆಂದ ಕಡೆ ಒಯ್ಯಬಹುದು, ದಡದ ಹಡಗನ್ನು ಒಯ್ಯಲಾಗದು. ಕರಾಚಿಯ 'ಹಿಮಾಲಯ', 'ಬಹಾದುರ್', 'ಚಮಕ್' ಇದ್ದಲ್ಲಿಯೇ ಪಾಕಿಸ್ತಾನದ ಪಾಲಾದವು. ಫಿರಂಗಿ, ರೇಡಾರ್ ಕಲಿಸುವ ಶಾಲೆಗಳನ್ನು ಒಮ್ಮೆಲೇ ಕಳೆದುಕೊಂಡ ಭಾರತ ಕೊಚ್ಚಿಯಲ್ಲಿ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಕಿರಿಯ ನಾವಿಕರ ತರಬೇತಿ ವಿಶಾಖಪಟ್ಟಣದಲ್ಲಿ ನಡೆದು, 1980ರಲ್ಲಿ ಒಡಿಶಾದ ಚಿಲ್ಕಾ ಸರೋವರದ ದಡಕ್ಕೆ ಬಂತು. ಲೋಣಾವಳಾದ 'ಶಿವಾಜಿ'ಯೂ ಜಾಮ್‌ನಗರದ 'ವಾಲ್ಸುರಾ'ವೂ ಅದೇ ಹೆಸರಿನಲ್ಲಿ ಮುಂದುವರಿದವು. 'ತಲ್ವಾರ್' ಎಂಬ ಹೆಸರು ಮಾತ್ರ ದಡ ಬಿಟ್ಟಿತು. ಸ್ವತಂತ್ರ ಭಾರತದಲ್ಲಿ ಅದನ್ನು ಎರಡು ಬಾರಿ, 1959ರಲ್ಲೂ 2003ರಲ್ಲೂ, ನೀರಿನ ಮೇಲೆ ತೇಲುವ ಯುದ್ಧನೌಕೆಗೆ ಇಡಲಾಯಿತು.