ಸರಕು ದೋಣಿಯಿಂದ ಕಯಾಕ್‌ವರೆಗೆ

ಘಟ್ಟ ಇಳಿದು ಬಂದ ಮೈಸೂರು ಸೀಮೆಯ ಕಾಫಿ ಬಂಟ್ವಾಳ ಪೇಟೆಯಲ್ಲಿ ಕೈ ಬದಲಾಗಿ, ನೇತ್ರಾವತಿಯ ದೋಣಿಗಳಲ್ಲಿ ಮಂಗಳೂರು ಬಂದರು ಸೇರುತ್ತಿದ್ದ ಕಾಲವಿತ್ತು. ಪೇಟೆ ಹೊಳೆಗೆ ಅಂಟಿಕೊಂಡು ಬೆಳೆದದ್ದೇ ಅದಕ್ಕಾಗಿ. 1923 ಮತ್ತು 1974ರ ನೆರೆ ಅಂಗಡಿಗಳ ಒಳಗೇ ನುಗ್ಗಿದ್ದೂ ಅದರಿಂದಾಗಿಯೇ. ಜಲ್ಲ ಊರಿ, ಹುಟ್ಟು ಹಾಕಿ ಆ ಸರಕು ಸಾಗಿಸಿದವರಿಗೆ ದೋಣಿಯೆಂದರೆ ಕೂಲಿ. ಅದನ್ನು ವ್ಯಾಯಾಮ ಎಂದಿದ್ದರೆ ನಕ್ಕಾರು.

ರಸ್ತೆ, ಸೇತುವೆ ಬಂದು ಸರಕು ದೋಣಿ ಹೋಯಿತು. ಜನ ದಾಟಿಸುವ ಕಡವಿನ ದೋಣಿ ಮಾತ್ರ ಇನ್ನೂ ಹಲವು ವರ್ಷ ಉಳಿಯಿತು. 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಗಿರೀಶ್ ಭಾರದ್ವಾಜ್ ಮುಂದೆ ಹಲವು ಹೊಳೆಗಳಿಗೆ ಅಂಥವೇ ಸೇತುವೆ ಕಟ್ಟಿದರು. ಮಳೆಗಾಲದಲ್ಲಿ ಶಾಲೆ ತಪ್ಪುತ್ತಿದ್ದ ಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ದಡದ ಮನೆಗಳಲ್ಲೂ ಹುಟ್ಟು ಹಿಡಿಯಲು ಬಾರದ ಒಂದು ತಲೆಮಾರು ಬೆಳೆಯಿತು.

ಬೇರೆಡೆ ದೋಣಿ ಕೆಲಸದಿಂದ ಆಟಕ್ಕೆ ಹೊರಳಿ ಆಗಲೇ ಶತಮಾನ ದಾಟಿತ್ತು. ಉತ್ತರ ಧ್ರುವ ಪ್ರದೇಶದ ಇನ್ಯೂಟರು ಸೀಲ್ ಚರ್ಮ ಬಿಗಿದು ಬೇಟೆಗೆ ಬಳಸುತ್ತಿದ್ದ ಕಯಾಕಿನ ಮಾದರಿಯಲ್ಲಿ ಮರದ ದೋಣಿ ಮಾಡಿಸಿಕೊಂಡು, ಜಾನ್ ಮ್ಯಾಕ್‌ಗ್ರೆಗರ್ ಎಂಬ ಬ್ರಿಟಿಷ್ ವಕೀಲ 1865ರಲ್ಲಿ ಯುರೋಪಿನ ನದಿಗಳನ್ನು ಸುತ್ತಿದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅದು ಸ್ಪರ್ಧೆಯಾಯಿತು. ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡ ತಿರುವು 1970ರ ದಶಕದ್ದು. ಪ್ಲಾಸ್ಟಿಕ್ ಪುಡಿಯನ್ನು ಬಿಸಿ ಅಚ್ಚಿನಲ್ಲಿ ತಿರುಗಿಸಿ ದೋಣಿ ಎರೆಯುವುದು ಆಗ ಶುರುವಾಯಿತು. ನಮ್ಮ ತಾರಸಿಯ ಸಿಂಟೆಕ್ಸ್ ಟ್ಯಾಂಕ್ ಆಗುವುದೂ ಅದೇ ವಿಧಾನದಿಂದ. ಬಂಡೆಗೆ ತಾಗಿದರೂ ಸುಲಭಕ್ಕೆ ಒಡೆಯದ, ಇಬ್ಬರು ಹೊತ್ತೊಯ್ಯಬಹುದಾದ ದೋಣಿ ಸಿಕ್ಕಿದ ಮೇಲೆಯೇ ಸಾಮಾನ್ಯರು ನೀರಿಗಿಳಿದರು.

ಭಾರತದಲ್ಲಿ ಈ ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಹುಟ್ಟಿದ್ದು 1985ರಲ್ಲಿ. 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಬಂತು. ಮತ್ತೊಂದು ಕಂಚಿಗೆ 2023ರ ಹಾಂಗ್‌ಝೌವರೆಗೆ ಕಾಯಬೇಕಾಯಿತು. ಕರ್ನಾಟಕದ ದಾರಿ ಪದಕದ್ದಲ್ಲ. ಶರಾವತಿ ಹಿನ್ನೀರಿನ ಹೊನ್ನೆಮರಡು, ದಾಂಡೇಲಿಯ ಕಾಳಿ, ಸಾಲಿಗ್ರಾಮದ ಬಳಿ ಸೀತಾ ನದಿಯ ಕಾಂಡ್ಲಾವನ, ಹೀಗೆ ಪ್ರವಾಸಿಗರ ಬೆನ್ನು ಹಿಡಿದು ಅದು ಹರಡಿತು. ಕರಾವಳಿಗೆ ಹುಟ್ಟಿನ ಹೊಸ ಹುಚ್ಚು ಹತ್ತಿಸಿದ್ದು ಮುಲ್ಕಿಯ ಸರ್ಫಿಂಗ್ ಆಶ್ರಮ. ಶಾಂಭವಿ, ನಂದಿನಿ ಹೊಳೆಗಳು ಸಮುದ್ರ ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರೀಯ ಸರ್ಫಿಂಗ್ ಸ್ಪರ್ಧೆ, 2024ರಲ್ಲಿ ನಿಂತು ಹುಟ್ಟು ಹಾಕುವವರ ಅಂತಾರಾಷ್ಟ್ರೀಯ ಸ್ಪರ್ಧೆ ನಡೆದವು.

ಹೊಳೆ ಸಮುದ್ರ ಸೇರುವಲ್ಲಿಗೆ ಬಂದ ಆಟ ಮೇಲಿನ ತಾಲೂಕುಗಳಿಗೆ ಏಕೆ ಏರಲಿಲ್ಲ? ಆಸಕ್ತಿಯ ಕೊರತೆ ಎನ್ನಲಾರೆ. ಹೊಳೆಯ ಸ್ವಭಾವವೇ ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿಯ ಹತ್ತಿರ ಸುಳಿಯುವುದೂ ಅಪಾಯ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆಯ ತೊರೆಗಳು ಮರದ ದಿಮ್ಮಿ, ಮರಳು ತಂದು ತೋಟಗಳ ಮೇಲೆ ಸುರಿದದ್ದನ್ನು ಬೆಳ್ತಂಗಡಿಯವರು ಮರೆತಿಲ್ಲ. ಮಾರ್ಚ್ ಬಂತೆಂದರೆ ಅಲ್ಲೇ ಬಂಡೆ, ಮರಳು, ಮೊಣಕಾಲುದ್ದ ನೀರು. ಉಳಿಯುವುದು ನವೆಂಬರ್‌ನಿಂದ ಫೆಬ್ರವರಿ. ಅದಕ್ಕಿಂತ ಉದ್ದದ ಹಂಗಾಮು ಬೇಕಿದ್ದರೆ ಕಿಂಡಿ ಅಣೆಕಟ್ಟಿನ ಹಿಂದಿನ ನಿಂತ ನೀರೇ ಗತಿ: ಬಂಟ್ವಾಳಕ್ಕೆ ತುಂಬೆ, ಮೂಡುಬಿದಿರೆಗೆ ಫಲ್ಗುಣಿಯ ಪುಚ್ಚೆಮೊಗರು. ಮೂಡುಬಿದಿರೆಗೆ ಕೆರೆಗಳೂ ಇವೆ. ಕಲಿಯುವವರಿಗೆ ಹೊಳೆಗಿಂತ ಕೆರೆ ವಾಸಿ.

ಕಯಾಕ್ ನಡೆಸುವುದು ತೋಳಿನ ಕಸರತ್ತೆಂದು ತಿಳಿದವರು ಬೇಗ ಭುಜ ಹಿಡಿದುಕೊಂಡು ದಡ ಸೇರುತ್ತಾರೆ. ಬಲ ಹುಟ್ಟಬೇಕಾದ್ದು ನಡು ತಿರುಗಿಸುವುದರಲ್ಲಿ, ಪಾದ ಒತ್ತುವುದರಲ್ಲಿ. ತೋಳು ಅದನ್ನು ದಾಟಿಸಿದರೆ ಸಾಕು. ಹದವಾದ ವೇಗದಲ್ಲಿ ಸುಮ್ಮನೆ ಕುಳಿತಾಗಿನ ಸುಮಾರು ಐದು ಪಟ್ಟು ಶಕ್ತಿ ಖರ್ಚಾಗುತ್ತದೆ, ಚುರುಕಿನ ನಡಿಗೆಗಿಂತ ತುಸು ಹೆಚ್ಚು. ಮೊಣಕಾಲಿಗೆ ದೇಹದ ಭಾರವಿಲ್ಲ. ಬೆನ್ನುನೋವಿದ್ದವರು ಮಾತ್ರ ಕಾಲು ಚಾಚಿ ಕೂರುವ ಭಂಗಿಯನ್ನು ಮೊದಲು ನೆಲದ ಮೇಲೆ ಪರೀಕ್ಷಿಸಿಕೊಳ್ಳಲಿ. ಈಜು ಬಂದರೂ ಲೈಫ್ ಜಾಕೆಟ್ ಬೇಕೇ ಬೇಕು, ಏಕೆಂದರೆ ಮರಳು ತೆಗೆದ ಹೊಂಡಗಳು ಮೇಲಿನಿಂದ ಕಾಣುವುದಿಲ್ಲ. ಗಾಯವಿದ್ದರೆ ಇಳಿಯಬೇಡಿ, ಇಲಿಜ್ವರ ಈ ಕರಾವಳಿಗೆ ಹೊಸತಲ್ಲ.

ಇನ್ನು ಅಣೆಕಟ್ಟಿನ ನೀರಿಗೆ ದೋಣಿ ಇಳಿಸುವುದಕ್ಕೆ ಬರುವ ತಕರಾರು. ತುಂಬೆಯದು ಮಂಗಳೂರು ಕುಡಿಯುವ ನೀರು. ಅಲ್ಲಿ ಮೋಟಾರು ದೋಣಿ ಬೇಡವೆನ್ನುವುದು ನ್ಯಾಯ. ಹುಟ್ಟಿನ ದೋಣಿ ಎಣ್ಣೆ ಚೆಲ್ಲುವುದಿಲ್ಲ, ಸದ್ದೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಣೆಕಟ್ಟಿನ ಬಾಯಿಯಿಂದ ದೂರ ತೇಲುಬೆಂಡಿನ ಗಡಿ ಎಳೆದು, ಬಾಗಿಲು ತೆರೆಯುವ ಹೊತ್ತನ್ನು ದಡದಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಸಾರಿ, ಬೆಳಗಿನ ಎರಡು ಗಂಟೆ ಬಿಟ್ಟುಕೊಟ್ಟರೆ ಶುರುಮಾಡಲು ಅಷ್ಟು ಸಾಕು. ಅಲ್ಲಿಯವರೆಗೆ ಮೂಡುಬಿದಿರೆಯವರು ಕಿನ್ನಿಗೋಳಿ ದಾರಿ ಹಿಡಿದು ಮುಲ್ಕಿಗೇ ಹೋಗಬೇಕು.