ತೋಟದ ಹಳ್ಳಕ್ಕೆ ಟ್ರ್ಯಾಕ್ಟರ್ ಸಂಕ

ಸಂಕ ಎಂದರೇನು?

ಹಳ್ಳ ಅಥವಾ ತೋಡನ್ನು ದಾಟಲು ಕಟ್ಟುವ ಚಿಕ್ಕ ಸೇತುವೆಯನ್ನು ಮಲೆನಾಡು ಮತ್ತು ಕರಾವಳಿಯಲ್ಲಿ ಸಂಕ ಎನ್ನುತ್ತಾರೆ. ಎರಡು ಮೂರು ಅಡಿಕೆ ಮರಗಳನ್ನು ಒತ್ತಾಗಿ ಹಾಸಿ ಬಿಗಿದು, ಕೈಹಿಡಿಗೆ ಬಿದಿರಿನ ಗಳು ಕಟ್ಟಿದರೆ ಕಾಲುಸಂಕ ಸಿದ್ಧವಾಗುತ್ತದೆ. ತಲೆಹೊರೆ ಹೊತ್ತು ನಡೆಯುವವರಿಗೆ ಅದು ಸಾಕು. ಆದರೆ ಗೊಬ್ಬರ, ಮಣ್ಣು ಮತ್ತು ಅಡಿಕೆ ಗೊನೆ ಸಾಗಿಸಲು ಈಗ ಮಿನಿ ಟ್ರ್ಯಾಕ್ಟರ್ ತೋಟದೊಳಗೆ ಓಡಾಡುತ್ತಿದೆ. ಸುಮಾರು ಒಂದು ಟನ್ ತೂಗುವ ಈ ಯಂತ್ರವನ್ನು ಹಳ್ಳ ದಾಟಿಸಲು ಲೆಕ್ಕಾಚಾರದಿಂದ ಕಟ್ಟಿದ ಸಂಕವೇ ಬೇಕು.

ಮುಖ್ಯ ಭಾಗಗಳು

ಟ್ರ್ಯಾಕ್ಟರ್ ಸಂಕದಲ್ಲಿ ಮೂರು ಭಾಗಗಳಿವೆ. ಎರಡೂ ದಡಗಳಲ್ಲಿ ಭಾರ ಹೊರುವ ಆಧಾರಗೋಡೆ ಮೊದಲನೆಯದು. ಇದನ್ನು ಎಂಜಿನಿಯರುಗಳು ಅಬಟ್‌ಮೆಂಟ್ ಎನ್ನುತ್ತಾರೆ. ಗೋಡೆಯಿಂದ ಗೋಡೆಗೆ ಚಾಚಿದ ತೊಲೆಗಳು ಎರಡನೆಯದು. ತೊಲೆಗಳಿಗೆ ಅಡ್ಡಲಾಗಿ ಹಾಸಿದ ಹಲಗೆಗಳ ಹಾಸು ಮೂರನೆಯದು. ಚಕ್ರದ ಭಾರ ಹಾಸಿನಿಂದ ತೊಲೆಗೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುತ್ತದೆ.

ತೊಲೆ ಭಾರ ಹೊರುವ ಬಗೆ

ಭಾರ ಬಿದ್ದಾಗ ತೊಲೆ ಸ್ವಲ್ಪ ಬಾಗುತ್ತದೆ. ಆಗ ಅದರ ಮೇಲ್ಭಾಗ ಸಂಪೀಡನಕ್ಕೂ ಕೆಳಭಾಗ ಕರ್ಷಣಕ್ಕೂ ಒಳಗಾಗುತ್ತದೆ. ನಡುವಿನ ಪದರ ಹೆಚ್ಚು ಕೆಲಸ ಮಾಡುವುದಿಲ್ಲ. ಆದ್ದರಿಂದ ತೊಲೆಯ ಅಗಲಕ್ಕಿಂತ ಎತ್ತರವೇ ಮುಖ್ಯ. ಅಗಲವನ್ನು ಇಮ್ಮಡಿಗೊಳಿಸಿದರೆ ಬಲ ಇಮ್ಮಡಿಯಾಗುತ್ತದೆ. ಎತ್ತರವನ್ನು ಇಮ್ಮಡಿಗೊಳಿಸಿದರೆ ಬಲ ನಾಲ್ಕು ಪಟ್ಟಾಗುತ್ತದೆ, ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 10 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಮರದ ತೊಲೆಯನ್ನು ಅಡ್ಡ ಮಲಗಿಸಿದರೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ.

ಎರಡು ಗೋಡೆಗಳ ನಡುವಿನ ಅಂತರವೂ ಅಷ್ಟೇ ಮುಖ್ಯ. ಅಂತರ ಇಮ್ಮಡಿಯಾದರೆ ಅದೇ ಚಕ್ರದ ಭಾರ ತೊಲೆಯನ್ನು ಎಂಟು ಪಟ್ಟು ಹೆಚ್ಚು ಬಾಗಿಸುತ್ತದೆ. ಹೀಗಾಗಿ ಹಳ್ಳ ಕಿರಿದಾಗಿರುವ ಕಡೆ ಸಂಕ ಕಟ್ಟುವುದು ಮೊದಲ ಉಳಿತಾಯ.

ಒಂದು ಮಾದರಿ ಲೆಕ್ಕ

ಟ್ರ್ಯಾಕ್ಟರಿನ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರಗಳ ಮೇಲಿರುತ್ತದೆ. ಒಂದು ಹಿಂಚಕ್ರದ ಭಾರ 400 ಕಿಲೋಗ್ರಾಂ, ಅಂದರೆ ಸುಮಾರು 4 ಕಿಲೋನ್ಯೂಟನ್ ಎಂದಿಟ್ಟುಕೊಳ್ಳೋಣ. ಚಕ್ರ 4 ಮೀಟರ್ ಅಂತರದ ನಡುಮಧ್ಯಕ್ಕೆ ಬಂದಾಗ ಬಾಗಿಸುವ ಪರಿಣಾಮ ಅತಿ ಹೆಚ್ಚು. ಭಾರವನ್ನು ಅಂತರದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಅದು ಸಿಗುತ್ತದೆ: 4 ಕಿಲೋನ್ಯೂಟನ್ ಮೀಟರ್. ಐ ಆಕಾರದ, 150 ಮಿ.ಮೀ. ಎತ್ತರದ ಉಕ್ಕಿನ ತೊಲೆ ಪಕ್ಕಕ್ಕೆ ವಾಲದಂತೆ ಬಿಗಿದಿದ್ದರೆ, ಸುರಕ್ಷಿತ ಮಿತಿಯೊಳಗೆ ಸುಮಾರು 16 ಕಿಲೋನ್ಯೂಟನ್ ಮೀಟರ್ ತಾಳುತ್ತದೆ. ತುಂಬಿದ ಟ್ರೇಲರ್, ಚಕ್ರದ ಕುಲುಕಾಟ ಮತ್ತು ವರ್ಷಗಳ ತುಕ್ಕಿಗೆ ಈ ಹೆಚ್ಚುವರಿ ಬಲ ಮೀಸಲು. ಇಂಥ ತೊಲೆ ಮೀಟರಿಗೆ ಸುಮಾರು 15 ಕಿಲೋಗ್ರಾಂ ತೂಗುತ್ತದೆ. ಐದು ಮೀಟರಿನ ತೊಲೆಯನ್ನು ನಾಲ್ಕು ಜನ ಹೊತ್ತು ತರಬಹುದು.

ಕಟ್ಟುವ ಕ್ರಮ

ಮೊದಲು ನೆರೆಯ ಮಟ್ಟ ಗುರುತಿಸಬೇಕು. ದಡದ ಪೊದೆಗಳಿಗೆ ಸಿಕ್ಕಿಕೊಂಡ ಕಸಕಡ್ಡಿಯೂ ಹಿರಿಯರ ನೆನಪೂ ಇದಕ್ಕೆ ಆಧಾರ. ತೊಲೆಯ ತಳ ಆ ಮಟ್ಟಕ್ಕಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಸೀಮೆಯಲ್ಲಿ ಬೇಸಿಗೆಯ ಹಳ್ಳವನ್ನು ನೋಡಿ ಎತ್ತರ ನಿರ್ಧರಿಸುವುದು ದೊಡ್ಡ ತಪ್ಪು.

ಬಳಿಕ ಆಧಾರಗೋಡೆ. ಇದನ್ನು ದಡದ ಅಂಚಿನಿಂದ ಹಿಂದಕ್ಕೆ ಸರಿಸಿ, ಗಟ್ಟಿ ನೆಲ ಸಿಗುವವರೆಗೆ ಅಗೆದು, ಬುನಾದಿಯನ್ನು ಹಳ್ಳದ ತಳಕ್ಕಿಂತ ಆಳಕ್ಕೆ ಇಳಿಸಿ ಕಟ್ಟಬೇಕು. ಹರಿಯುವ ನೀರು ಬುನಾದಿಯ ಬುಡದ ಮಣ್ಣನ್ನು ಒಯ್ಯುವುದಕ್ಕೆ ಕೊರೆತ ಎನ್ನುತ್ತಾರೆ. ನೀರಿನ ಮೇಲಿನ ಸೇತುವೆಗಳು ಕುಸಿಯಲು ಇದೇ ಪ್ರಮುಖ ಕಾರಣ. ಗೋಡೆಯ ಬುಡಕ್ಕೆ ದೊಡ್ಡ ಕಲ್ಲುಗಳನ್ನು ಪೇರಿಸಿದರೆ ಕೊರೆತ ತಗ್ಗುತ್ತದೆ. ಗೋಡೆಯ ಹಿಂದೆ ನಿಂತ ಮಳೆನೀರು ಹೊರಬರಲು ಸಣ್ಣ ರಂಧ್ರಗಳನ್ನೂ ಬಿಡಬೇಕು.

ಪ್ರತಿ ಚಕ್ರದ ದಾರಿಯ ಕೆಳಗೆ ಎರಡರಂತೆ ನಾಲ್ಕು ತೊಲೆಗಳನ್ನಿಟ್ಟು, ಅವು ಹೊರಳದಂತೆ ಅಡ್ಡಪಟ್ಟಿಗಳಿಂದ ಬೆಸೆಯುತ್ತಾರೆ. ತೊಲೆಯ ತುದಿಗೆ ಮಣ್ಣು ತಾಗಬಾರದು; ತಾಗಿದಲ್ಲಿ ಉಕ್ಕು ತುಕ್ಕು ಹಿಡಿಯುತ್ತದೆ, ಮರ ಲಡ್ಡಾಗುತ್ತದೆ. ಹಾಸಿಗೆ ಮತ್ತಿ ಅಥವಾ ಬೋಗಿ ಮರದ ಚೇಗಿನಿಂದ ಕೊಯ್ದ, 5 ಸೆಂ.ಮೀ. ದಪ್ಪದ ಹಲಗೆ ಸೂಕ್ತ. ನೀರು ಇಳಿದು ಗಾಳಿಯಾಡಲು ಹಲಗೆಗಳ ನಡುವೆ ಒಂದು ಸೆಂ.ಮೀ. ಸಂದು ಬೇಕು. ಹಾಸಿನ ಅಗಲ ಎರಡು ಮೀಟರ್ ಇದ್ದು, ಚಕ್ರ ಜಾರದಂತೆ ಇಬ್ಬದಿಗೂ 15 ಸೆಂ.ಮೀ. ಎತ್ತರದ ಅಂಚುಮರ ಇರಬೇಕು.

ಮೋರಿಯೋ, ಸಂಕವೋ?

ಸಿಮೆಂಟ್ ಪೈಪುಗಳನ್ನಿಟ್ಟು ಮೇಲೆ ಮಣ್ಣು ತುಂಬುವ ಮೋರಿ ಸುಲಭ ಮತ್ತು ಅಗ್ಗ. ಕಿರುಗಾಲುವೆಗೆ ಅದು ತಕ್ಕುದು. ಆದರೆ ಅಡಿಕೆ ತೋಟದ ಹಳ್ಳದಲ್ಲಿ ಮಳೆಗಾಲದುದ್ದಕ್ಕೂ ಸೋಗೆ ಮತ್ತು ಹಾಳೆ ತೇಲಿಬಂದು ಪೈಪಿನ ಬಾಯಿ ಕಟ್ಟುತ್ತವೆ. ಆಗ ನೀರು ಮೇಲೇರಿ ತೋಟಕ್ಕೆ ನುಗ್ಗುತ್ತದೆ, ಮೋರಿಯ ಮಣ್ಣನ್ನೂ ಕೊಚ್ಚುತ್ತದೆ. ಸಂಕವು ಹಳ್ಳದ ಹಾದಿಯನ್ನು ತೆರೆದೇ ಇಡುತ್ತದೆ.

ಬಳಕೆ ಮತ್ತು ಎಚ್ಚರ

ಅಗಲವಾದ ಹೊಳೆಗೆ ಈ ವಿಧಾನ ಹೊಂದುವುದಿಲ್ಲ. ಅಂಥ ಕಡೆ ತೂಗುಸೇತುವೆ ಉಪಯುಕ್ತ. ಅವುಗಳ ನಿರ್ಮಾಣಕ್ಕೆ ಹೆಸರಾದ ಸುಳ್ಯದ ಗಿರೀಶ್ ಭಾರದ್ವಾಜ್ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿದೆ. ಆದರೆ ಆ ಸೇತುವೆಗಳು ಕಾಲುನಡಿಗೆಯವು, ಟ್ರ್ಯಾಕ್ಟರಿಗಲ್ಲ. ಮೂರರಿಂದ ಐದು ಮೀಟರಿನ ಹಳ್ಳಗಳೇ ತೋಟದ ಸಂಕದ ಕ್ಷೇತ್ರ.

ಹಳ್ಳ ಸಾಮಾನ್ಯವಾಗಿ ಸಾರ್ವಜನಿಕ ಜಾಗ. ಕೆಲಸಕ್ಕೆ ಮುನ್ನ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಮೇಲಿನ ಮತ್ತು ಕೆಳಗಿನ ತೋಟದವರ ಒಪ್ಪಿಗೆ ಪಡೆಯಬೇಕು. ತೊಲೆಯ ಅಳತೆಯನ್ನು ಎಂಜಿನಿಯರೊಬ್ಬರಿಗೆ ತೋರಿಸಬೇಕು. ಪ್ರತಿ ಮಳೆಗಾಲದ ಮೊದಲು ಮತ್ತು ಕೊನೆಗೆ ಗೋಡೆಯ ಬುಡ, ತೊಲೆಯ ತುದಿ, ಹಲಗೆಯ ಮೊಳೆಗಳನ್ನು ಪರೀಕ್ಷಿಸಬೇಕು. ನೀರು ಹಾಸನ್ನು ಮುಟ್ಟಿದ ದಿನ ಟ್ರ್ಯಾಕ್ಟರನ್ನು ಈಚೆ ದಡದಲ್ಲೇ ನಿಲ್ಲಿಸಬೇಕು.