ಕರಡು ತಿದ್ದಲು ಹೊರಟವರ ಹತ್ತು ವರ್ಷ

ಸಂಘದ ಸ್ಮರಣ ಸಂಚಿಕೆಯ ಕೆಲಸಕ್ಕೆಂದು ಕಳೆದ ವರ್ಷ ಕಚೇರಿಯ ಹಳೆಯ ಕಪಾಟನ್ನು ತೆರೆದಾಗ ನಮ್ಮ ಕೈಗೆ ಎರಡು ಬಗೆಯ ಸೊತ್ತು ಸಿಕ್ಕಿತು. ಒಂದು, ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ನಮ್ಮ ಮಾಸಪತ್ರಿಕೆಯ ಸಂಚಿಕೆಗಳು. ಕಾಗದ ಹಳದಿಯಾಗಿದೆ, ಅಂಚು ಮುಟ್ಟಿದರೆ ಮುರಿಯುತ್ತದೆ. ಆದರೆ ಓದಲಾಗದ ಅಕ್ಷರ ಒಂದೂ ಇಲ್ಲ. ಇನ್ನೊಂದು, 1990ರ ದಶಕದಲ್ಲಿ ಕಂಪ್ಯೂಟರಿನ ಮೇಲೆ ಪುಟ ಕಟ್ಟತೊಡಗಿದ ಅನಂತರದ ಫ್ಲಾಪಿ ಮತ್ತು ಸಿ.ಡಿ.ಗಳು. ಫ್ಲಾಪಿಗಳ ಆಸೆ ಬಿಟ್ಟೆವು. ಸಿ.ಡಿ.ಗಳಲ್ಲಿ ಕೆಲವು ತೆರೆದುಕೊಂಡವು. ತೆರೆದುಕೊಂಡು ಏನು ಬಂತು? 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟು ಹೊತ್ತ 'ಎ', ಅದರ ಪಕ್ಕಕ್ಕೆ ಬ್ರಿಟಿಷರ ಪೌಂಡಿನ ಗುರುತು!

ಅವುಗಳ ನಡುವೆ ಒಂದು ಲೇಖನ ನಮಗೆ ಬೇಕೇ ಬೇಕಿತ್ತು. ನಮ್ಮ ಸದಸ್ಯರೊಬ್ಬರು, ವೃತ್ತಿಯಿಂದ ಇಂಜಿನಿಯರರು, ಸೇತುವೆಗಳು ಭಾರ ತಾಳುವ ಬಗೆಯನ್ನು ಸೂತ್ರ, ಕೋಷ್ಟಕಗಳ ಸಮೇತ ಕನ್ನಡದಲ್ಲಿ ಬರೆದಿದ್ದ ಲೇಖನವದು. ಅದರ ಕೈಬರಹದ ಪ್ರತಿ ಇಲ್ಲ, ಅಚ್ಚಾದ ಸಂಚಿಕೆಯೂ ಸಂಘದಲ್ಲಿ ಉಳಿದಿಲ್ಲ, ಬರೆದವರೂ ಈಗಿಲ್ಲ. ಅವರ ಮನೆಯವರು ಬಂದು ಲೇಖನದ ಒಂದು ಪ್ರತಿ ಸಿಗಬಹುದೇ ಎಂದು ಕೇಳಿದಾಗ ನಾವು ತಲೆ ತಗ್ಗಿಸಬೇಕಾಯಿತು.

ಈ ಫಜೀತಿಯ ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದ ನಮಗೆ ಎಣಿಸಿರದ ಕಡೆಯಲ್ಲಿ ಒಂದು ದೊಡ್ಡ ಕಥೆಯೇ ಸಿಕ್ಕಿತು. ಸೂತ್ರಗಳಿಂದ ತುಂಬಿದ ತಾಂತ್ರಿಕ ಗ್ರಂಥವನ್ನು ಕಂಪ್ಯೂಟರಿನಿಂದ ಅಚ್ಚಿಗೆ ಅಣಿಗೊಳಿಸುವುದು ಹೇಗೆ, ಅದರಲ್ಲಿ ನುಸುಳುವ ತಪ್ಪುಗಳನ್ನು ಹಿಡಿಯುವುದು ಹೇಗೆ ಎಂಬುದಕ್ಕಾಗಿ ಒಬ್ಬ ವಿದ್ವಾಂಸರು ಆಯುಷ್ಯದ ಹತ್ತು ವರ್ಷ ತೆತ್ತ ಕಥೆ.

ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಗಣಕಶಾಸ್ತ್ರದ ಹಿರಿಯರು. 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಎಂಬ ಅವರ ಮಹಾಗ್ರಂಥದ ಮೊದಲ ಸಂಪುಟ 1968ರಲ್ಲಿ, ಎರಡನೆಯದು 1969ರಲ್ಲಿ, ಮೂರನೆಯದು 1973ರಲ್ಲಿ ಹೊರಬಂದಿತು. ಇವೆಲ್ಲ ಮಾನೋಟೈಪ್ ಯಂತ್ರದಲ್ಲಿ ಅಚ್ಚುಗೊಂಡವು. ಕಾದ ಸೀಸದಿಂದ ಒಂದೊಂದೇ ಅಕ್ಷರವನ್ನು ಎರಕ ಹೊಯ್ಯುವ ಯಂತ್ರವದು. ಗಣಿತದ ಸೂತ್ರ ಬಂದರೆ ಮೇಲಿನ ಘಾತಾಂಕ, ಕೆಳಗಿನ ಅಂಕೆ, ನಡುವಿನ ಭಿನ್ನರಾಶಿಯ ಗೆರೆ ಇವನ್ನೆಲ್ಲ ಪಳಗಿದ ಕೈಯೇ ಕೂರಿಸಬೇಕು. ಅಂಥ ಕೈಗಳಿಗೆ ಕೂಲಿ ಹೆಚ್ಚು. 1970ರ ದಶಕದಲ್ಲಿ ಮುದ್ರಣಾಲಯಗಳು ಸೀಸವನ್ನು ಬಿಟ್ಟು ಫೋಟೋ ಜೋಡಣೆಗೆ ತಿರುಗಿದವು. ಎರಡನೆಯ ಸಂಪುಟದ ಪರಿಷ್ಕೃತ ಮುದ್ರಣದ ಕರಡು ಆ ಹೊಸ ವಿಧಾನದಲ್ಲಿ 1977ರ ಮಾರ್ಚ್ 30ರಂದು ಕನೂತ್ ಅವರ ಕೈ ಸೇರಿತು. ನೋಡಿ ಅವರ ಮನಸ್ಸು ಕುಂದಿತು. ಪುಸ್ತಕಕ್ಕೆ ಪಟ್ಟ ಶ್ರಮವೆಲ್ಲ ಇಷ್ಟು ಅಂದಗೆಟ್ಟ ಪುಟಗಳಿಗಾಗಿಯೇ ಎನಿಸಿತು.

ಅದಕ್ಕೆ ಸ್ವಲ್ಪ ಮೊದಲು, ಅದೇ ಫೆಬ್ರವರಿಯಲ್ಲಿ, ಇನ್ನೊಂದು ಬಗೆಯ ಯಂತ್ರದ ಮಾದರಿ ಪುಟಗಳನ್ನು ಅವರು ಕಂಡಿದ್ದರು. ಅದು ಅಕ್ಷರವನ್ನು ಚುಕ್ಕೆಗಳಿಂದ ಬಿಡಿಸುತ್ತಿತ್ತು. ಅಂಗುಲಕ್ಕೆ ಸಾವಿರಕ್ಕೂ ಮಿಕ್ಕಿದ ಚುಕ್ಕೆ. ನಮ್ಮ ಹೆಂಗಸರ ಚುಕ್ಕಿ ರಂಗೋಲಿಯೇ ಸರಿ, ಚುಕ್ಕೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು. ಒಂದು ಜಾಗದಲ್ಲಿ ಮಸಿ ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಹಾಗಿದ್ದರೆ ಇದು ಗಣಕದವರ ಕೆಲಸವಾಯಿತಲ್ಲ ಎಂದುಕೊಂಡ ಕನೂತ್ ತಮ್ಮ ಗ್ರಂಥವನ್ನು ತಾವೇ ಜೋಡಿಸಲು ಒಂದು ತಂತ್ರಾಂಶ ಬರೆಯುವುದೆಂದು ನಿರ್ಧರಿಸಿದರು. ಆ ವರ್ಷದ ಮೇ 13ರಂದು ಮೊದಲ ರೂಪುರೇಖೆಯನ್ನು ಬರೆದಿಟ್ಟರು. ಒಂದು ವರ್ಷದಲ್ಲಿ ಮುಗಿದೀತೆಂಬುದು ಅವರ ಲೆಕ್ಕ. ಮನೆ ಕಟ್ಟಿಸಿದವರಿಗೆಲ್ಲ ಈ ಲೆಕ್ಕದ ಅನುಭವ ಇದ್ದೇ ಇದೆ.

ತಂತ್ರಾಂಶಕ್ಕೆ 'ಟೆಖ್' ಎಂದು ಹೆಸರಾಯಿತು. ಕಲೆ, ಕೌಶಲ ಎಂಬರ್ಥದ ಗ್ರೀಕ್ ಪದದ ಮೊದಲ ಮೂರು ಅಕ್ಷರಗಳವು. ಇಂಗ್ಲಿಷಿನವರು ಸಾಮಾನ್ಯವಾಗಿ 'ಟೆಕ್' ಎನ್ನುತ್ತಾರೆ. ಮಹಾಪ್ರಾಣ ಬಲ್ಲ ನಮಗೆ ಅಷ್ಟು ಕಷ್ಟವಿಲ್ಲ. ಅವರು ಚೀನಕ್ಕೆ ಪ್ರವಾಸ ಹೋಗಿದ್ದಾಗ ಮೈಕಲ್ ಪ್ಲಾಸ್ ಮತ್ತು ಫ್ರಾಂಕ್ ಲಿಯಾಂಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಮೊದಲ ಪ್ರಯೋಗ ಮಾಡಿ ನೋಡಿದರು. ಹಿಂದಿರುಗಿ ಬಂದ ಗುರುಗಳು ಎಲ್ಲವನ್ನೂ ತಾವೇ ಬರೆಯಲು ಕುಳಿತರು. 1978ರ ಮಾರ್ಚಿನಲ್ಲಿ ಅದು ಮೊದಲ ಬಾರಿ ಓಡಿತು; ಓಡಿತು ಎನ್ನುವುದಕ್ಕಿಂತ ಎಡವಲು ಶುರುಮಾಡಿತು ಎನ್ನಬೇಕು.

ಅದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹೇಳಬೇಕು. ಊರು ಬಿಟ್ಟು ಊರಿಗೆ ಸಾಮಾನು ಸಾಗಿಸಿದ ನಮಗೆಲ್ಲ ಪಾತ್ರೆಪಡಗ ತುಂಬುವುದು ಗೊತ್ತು: ಪಾತ್ರೆಗಳನ್ನು ಕುಗ್ಗಿಸಲು ಹಿಗ್ಗಿಸಲು ಬರುವುದಿಲ್ಲ, ನಡುವೆ ತುರುಕಿದ ಹುಲ್ಲನ್ನು ಒತ್ತಬಹುದು, ಸಡಿಲಿಸಬಹುದು. ಟೆಖ್‌ಗೆ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ, ಪದಗಳ ನಡುವಿನ ತೆರವು ಹುಲ್ಲಿನಂತೆ ಹಿಗ್ಗಿ ಕುಗ್ಗುವ ವಸ್ತು. ಅದು ಒಂದು ಸಾಲನ್ನು ನೋಡಿ ಮುಂದಿನದಕ್ಕೆ ಹೋಗುವುದಿಲ್ಲ. ಇಡೀ ಪರಿಚ್ಛೇದವನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು, ಎಲ್ಲೆಲ್ಲಿ ಮುರಿದರೆ ಒಟ್ಟು ವಿಕಾರ ಕನಿಷ್ಠವಾದೀತೆಂದು ಎಣಿಸುತ್ತದೆ. ಆದರೂ ಒಂದು ಸಾಲು ಹಿಡಿಸದೆ ಹೋದರೆ? ಗುಟ್ಟಾಗಿ ಅಕ್ಷರ ಅಮುಕಿ ಮರೆಮಾಚುವುದಿಲ್ಲ. ಇಂತಿಷ್ಟನೆಯ ಸಾಲು ಇಷ್ಟು ಪಾಯಿಂಟ್ ಹೊರಚಾಚಿದೆ ಎಂದು ವರದಿ ಬರೆದು, ಪುಟದಂಚಿನಲ್ಲಿ ಕರಿಯ ಪಟ್ಟಿಯೊಂದನ್ನು ಎಳೆದಿಡುತ್ತದೆ. ಹಳೆಯ ಕಾಲದ ಶಿಸ್ತಿನ ಕಂಪೋಸಿಟರನು ಕರಡಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಕಳುಹಿಸುತ್ತಿದ್ದ ಹಾಗೆ.

ಈಗ ತಪ್ಪುಗಳ ವಿಷಯ. ತಂತ್ರಾಂಶದಲ್ಲಿ ಕಂಡ ಪ್ರತಿಯೊಂದು ದೋಷವನ್ನೂ ಕನೂತ್ ಮೊದಲಿನಿಂದಲೇ ಒಂದು ದಿನಚರಿಯಲ್ಲಿ ಬರೆದಿಡುತ್ತ ಬಂದರು. ಅವುಗಳನ್ನು ಹದಿನೈದು ಬಗೆಯಾಗಿ ವಿಂಗಡಿಸಿದರು: ಮರೆತುಬಿಟ್ಟದ್ದು, ಬರಿಯ ಕೈತಪ್ಪು, ಭಾಷೆಯನ್ನು ತಪ್ಪಾಗಿ ತಿಳಿದದ್ದು, ಯಾರೂ ಊಹಿಸದ ಸಂದರ್ಭದಿಂದ ಆದದ್ದು, ಶುದ್ಧ ಅವಿವೇಕದಿಂದ ಆದದ್ದು ಹೀಗೆ. 1989ರಲ್ಲಿ ಎಂಟುನೂರಕ್ಕೂ ಹೆಚ್ಚು ದೋಷಗಳ ಆ ಪಟ್ಟಿಯನ್ನು 'ದಿ ಎರರ್ಸ್ ಆಫ್ ಟೆಖ್' ಎಂಬ ಲೇಖನದೊಡನೆ ಪ್ರಕಟಿಸಿಯೇ ಬಿಟ್ಟರು. ತನ್ನ ಅವಿವೇಕಗಳಿಗೆ ಕ್ರಮಸಂಖ್ಯೆ ಹಾಕಿ ಅಚ್ಚು ಹಾಕಿಸಿದ ಪಂಡಿತರು ನಮ್ಮಲ್ಲಿ ಎಷ್ಟು ಮಂದಿ? ಅಷ್ಟೇ ಅಲ್ಲ, ಹೊಸ ತಪ್ಪನ್ನು ತೋರಿಸಿಕೊಟ್ಟವರಿಗೆ ಚೆಕ್ ಕಳುಹಿಸುವ ಪದ್ಧತಿಯನ್ನಿಟ್ಟರು. ಪುಸ್ತಕದ ತಪ್ಪಿಗೆ 2 ಡಾಲರ್ 56 ಸೆಂಟ್. ಟೆಖ್ ತಂತ್ರಾಂಶದ ತಪ್ಪಿಗೆ ಬಹುಮಾನ ವರ್ಷವರ್ಷ ಇಮ್ಮಡಿಯಾಗುತ್ತ ಹೋಗಿ 327 ಡಾಲರ್ 68 ಸೆಂಟಿಗೆ ನಿಂತಿತು. ಆ ಚೆಕ್ಕನ್ನು ನಗದು ಮಾಡಿಕೊಳ್ಳದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರೇ ಅನೇಕರು.

1981ರಲ್ಲಿ ಆ ಎರಡನೆಯ ಸಂಪುಟ ಟೆಖ್‌ನಿಂದಲೇ ಸಿದ್ಧವಾಗಿ ಹೊರಬಂದಾಗ ಅಕ್ಷರಗಳ ರೂಪ ಕನೂತ್ ಅವರಿಗೇ ಒಪ್ಪಿಗೆಯಾಗಲಿಲ್ಲ. ಮತ್ತೆ ಕುಳಿತರು. ಜರ್ಮನಿಯ ಪ್ರಸಿದ್ಧ ಅಕ್ಷರಶಿಲ್ಪಿ ಹೆರ್ಮನ್ ಜಾಪ್ಫ್ ಮುಂತಾದವರಿಂದ ಪಾಠ ಕೇಳಿ ಅಕ್ಷರಗಳನ್ನೂ ತಂತ್ರಾಂಶವನ್ನೂ ಹೊಸದಾಗಿ ಮಾಡಿದರು. 1986ರಲ್ಲಿ ಐದು ಸಂಪುಟಗಳಲ್ಲಿ ಎಲ್ಲವನ್ನೂ, ಒಳಗಿನ ಸೂತ್ರಗಳ ಸಮೇತ, ಪ್ರಕಟಿಸಿದರು. ಅನಂತರ ಹೊಸತೇನನ್ನೂ ಸೇರಿಸುವುದಿಲ್ಲ, ತಪ್ಪನ್ನಷ್ಟೇ ತಿದ್ದುವುದು ಎಂದು ಸಾರಿದರು. ಒಂದೊಂದು ತಿದ್ದುಪಡಿಗೂ ಆವೃತ್ತಿಯ ಸಂಖ್ಯೆ 3.14, 3.141, 3.1415 ಎಂದು 'ಪೈ'ಯ ಕಡೆಗೆ ಒಂದೊಂದೇ ಅಂಕೆ ಬೆಳೆಯುತ್ತದೆ. 2021ರ ತಿದ್ದುಪಡಿಯ ಬಳಿಕ ಅದು 3.141592653. ಮುಂದಿನ ಪರಿಶೀಲನೆ 2029ರಲ್ಲಂತೆ.

ಇದು ಒಂದು ದಾರಿ. ಇನ್ನೊಂದು ದಾರಿ 1985ರಲ್ಲಿ ತೆರೆಯಿತು. ನಾವೆಲ್ಲ ನಡೆದದ್ದು ಅದರಲ್ಲೇ. ಆ ವರ್ಷ ಆಪಲ್ ಕಂಪನಿಯ ಲೇಸರ್ ಮುದ್ರಕ, ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್, ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಈ ಮೂರೂ ಕೂಡಿ ಬಂದವು. ಆಲ್ಡಸ್‌ನ ಪಾಲ್ ಬ್ರೈನರ್ಡ್ ಇದಕ್ಕೆ 'ಡೆಸ್ಕ್‌ಟಾಪ್ ಪಬ್ಲಿಷಿಂಗ್' ಎಂದು ಹೆಸರಿಟ್ಟರು. ಪರದೆಯ ಮೇಲೆ ಕಂಡ ಪುಟವೇ ಕಾಗದದ ಮೇಲೆ. ಕಲಿಯುವುದು ಸುಲಭ, ಕೆಲವೇ ವರ್ಷಗಳಲ್ಲಿ ನಮ್ಮ ನಗರಗಳ ಗಲ್ಲಿಗಲ್ಲಿಗೂ 'ಡಿ.ಟಿ.ಪಿ. ಮಾಡಿಕೊಡಲಾಗುವುದು' ಎಂಬ ಫಲಕ ಬಂತು. ಅದನ್ನು ನಾವು ಹಳಿಯುವುದಿಲ್ಲ. ಹೊರನಾಡಿನಲ್ಲಿ ಕನ್ನಡ ಮೊಳೆಯಿರುವ ಮುದ್ರಣಾಲಯ ಹುಡುಕಿ ಅಲೆಯುವುದನ್ನು ತಪ್ಪಿಸಿದ್ದು ಅದೇ.

ಆದರೆ ಕನ್ನಡವನ್ನು ಅದರೊಳಗೆ ಕೂರಿಸಿದ ಬಗೆ ಮಾತ್ರ ಬಾಡಿಗೆ ಮನೆಯ ಬದುಕಾಗಿತ್ತು. ಇಂಗ್ಲಿಷಿಗೆಂದು ಕಟ್ಟಿದ 256 ಗೂಡುಗಳ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎಬ್ಬಿಸಿ, ಆ ಜಾಗದಲ್ಲಿ ಕ-ಕಾರದ ಒಡಲು, ತಲೆಕಟ್ಟು, ಕೊಂಬು, ಒತ್ತು ಹೀಗೆ ತುಂಡುಗಳನ್ನು ಇರಿಸಿದರು. ಕಣ್ಣಿಗೆ ಕನ್ನಡ, ತಂತ್ರಾಂಶದ ಪಾಲಿಗೆ ಇಂಗ್ಲಿಷೇ. ಹೀಗಾಗಿ ಇಂಗ್ಲಿಷ್ ನಿಯಮದಂತೆ ಪದ ಮುರಿಯುವ ಸೌಲಭ್ಯವನ್ನು ನಿಲ್ಲಿಸಲು ಮರೆತರೆ ಒತ್ತಕ್ಷರ ತನ್ನ ಅಕ್ಷರವನ್ನು ಬಿಟ್ಟು ಮುಂದಿನ ಸಾಲಿಗೆ ಹಾರುತ್ತಿತ್ತು. ಸಣ್ಣ 'ಐ'ಯನ್ನು ದೊಡ್ಡದು ಮಾಡುವ ಉಪಕಾರಕ್ಕೆ ತಂತ್ರಾಂಶ ಮುಂದಾದರೆ ಒಂದು ವ್ಯಂಜನವೇ ಇನ್ನೊಂದಾಗುತ್ತಿತ್ತು. ನೇರ ಉದ್ಧರಣ ಚಿಹ್ನೆಯನ್ನು ಡೊಂಕು ಮಾಡಿದರೆ ಅಲ್ಲಿಯೂ ಏನೋ ಒಂದು ಮಾಯ. ಅರ್ಕಾವತ್ತಿನದಂತೂ ಬೇರೆಯೇ ಕಥೆ: 'ಸೂರ್ಯ'ದಲ್ಲಿ ರ-ಕಾರವನ್ನು ನಾವು ಮೊದಲು ಉಚ್ಚರಿಸುತ್ತೇವೆ, ಗುರುತು ಮಾತ್ರ ಕೊನೆಯಲ್ಲಿ. ಕಡತದಲ್ಲಿ ಉಳಿದದ್ದು ಕಣ್ಣಿಗೆ ಕಂಡ ಕ್ರಮವೇ ಹೊರತು ಬಾಯಿಯ ಕ್ರಮವಲ್ಲ. ಅಕಾರಾದಿ ಜೋಡಿಸ ಹೋದರೆ ಎಲ್ಲ ಅಸ್ತವ್ಯಸ್ತ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆ.ಪಿ. ರಾವ್ ಅವರು ಬಾಯಿಯ ಕ್ರಮದಲ್ಲೇ ಒತ್ತುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟು ಬೆರಳುಗಳ ಕಷ್ಟವನ್ನು ಪರಿಹರಿಸಿದರು. ಮುಂದೆ ಕರ್ನಾಟಕ ಸರಕಾರದ ಕೀಲಿಮಣೆಗೂ ಅದೇ ಆಧಾರವಾಯಿತು. ಒಳಗಿನ ಕಡತ ಮಾತ್ರ ಫಾಂಟಿಗೊಂದು ಬಗೆಯಾಗಿಯೇ ಉಳಿಯಿತು. ಎಲ್ಲ ಲಿಪಿಗಳಿಗೂ ಸ್ವಂತ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ದೊರಕಿತ್ತು. ಸಾಮಾನ್ಯರ ಮೇಜಿನ ಮೇಲೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಡನೆ. ಅಷ್ಟರಲ್ಲಿ ನಮ್ಮ ಹತ್ತು ವರ್ಷದ ಸಂಚಿಕೆಗಳು ಬಾಡಿಗೆ ಮನೆಯಲ್ಲೇ ಮುಗಿದಿದ್ದವು.

ಇನ್ನು ನಮ್ಮ ಇಂಜಿನಿಯರರ ಲೇಖನಕ್ಕೆ ಬರೋಣ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಇವೆ. ಸಂಘದ ಇಬ್ಬರು ತರುಣರು ಅದರಿಂದ ಬರಹದ ಬಹುಭಾಗವನ್ನು ಹೊರತೆಗೆದರು; ಅರ್ಕಾವತ್ತುಗಳನ್ನು ಕೈಯಿಂದ ಸರಿಪಡಿಸಬೇಕಾಯಿತು. ಸೂತ್ರಗಳಲ್ಲಿ ಬೇರೆ ತೊಡಕು. ಭಾರದ ಸಂಕೇತವಾಗಿ ಅವರು ಇಂಗ್ಲಿಷಿನ 'ಪಿ'ಯನ್ನು ಬಳಸಿದ್ದರು. ಪರಿವರ್ತಕಕ್ಕೆ 'ಪಿ' ಎಂದರೆ ಕ-ಕಾರದ ತುಂಡು. ಹೀಗೆ ಸೇತುವೆಯ ಮೇಲೆ ಭಾರವಿರಬೇಕಾದಲ್ಲೆಲ್ಲ ಅರ್ಧ 'ಕ' ಬಂದು ಕುಳಿತಿತು! ಇನ್ನೊಂದು ಕಡೆ 'ಎಲ್' ಅಕ್ಷರದ ಪಕ್ಕದಲ್ಲಿ 3 ಎಂಬ ಅಂಕೆ. ಅದು ಉದ್ದದ ಘನವೋ, ಮೂರರ ಗುಣಾಕಾರವೋ? ಮೇಲೇರಿಸಿದ ಅಂಕೆಯೆಂಬುದು ಪುಟದ ನೋಟದಲ್ಲಿತ್ತು, ಬರಹದಲ್ಲಿರಲಿಲ್ಲ. ನೋಟ ಹೋದೊಡನೆ ಅರ್ಥವೂ ಹೋಯಿತು. ಟೆಖ್‌ನಲ್ಲಾದರೆ ಬರೆಯುವವನು 'ಎಲ್' ಆದ ಮೇಲೆ ಘಾತದ ಗುರುತನ್ನು ಹಾಕಿ ಆಮೇಲೆ 3 ಎಂದು ಬರೆಯಲೇಬೇಕು. ತಂತ್ರಾಂಶವೇ ಇಲ್ಲದಿದ್ದರೂ ಆ ಕಡತವನ್ನು ಬರಿಗಣ್ಣಿನಿಂದ ಓದಬಹುದು.

ಅದೃಷ್ಟಕ್ಕೆ ನಮ್ಮಲ್ಲಿ ಇನ್ನೊಬ್ಬ ನಿವೃತ್ತ ಇಂಜಿನಿಯರರಿದ್ದಾರೆ. ಅವರು ಕನ್ನಡಕ ಏರಿಸಿ ನೋಡಿ, "ನಡುವೆ ಭಾರ ಬಿದ್ದ ತೊಲೆಯ ಬಾಗು ಇದು, ಭಾರವನ್ನು ಉದ್ದದ ಘನದಿಂದ ಗುಣಿಸಿ, 48 ಇ ಐ-ಯಿಂದ ಭಾಗಿಸುವುದು. ಕಾಲೇಜಿನಲ್ಲಿ ಉರು ಹೊಡೆದದ್ದು ಮರೆಯುತ್ತದೆಯೇ?" ಎಂದರು. ಹೀಗೆ ಒಂದೊಂದಾಗಿ ಆರು ಸೂತ್ರಗಳು ನೆಟ್ಟಗಾದವು. 2004ರಲ್ಲಿ ಬಂದ ಜೀಟೆಖ್ ಎಂಬ ಟೆಖ್‌ನ ಸಂತತಿ ಯುನಿಕೋಡ್ ಕನ್ನಡವನ್ನು ಒತ್ತಕ್ಷರ ಸಮೇತ ಜೋಡಿಸುತ್ತದೆ. ಲೇಖನವನ್ನು ಈಗ ಅದರಲ್ಲೇ ಇಳಿಸಿದ್ದೇವೆ. ತಿದ್ದಿದ ಪ್ರತಿಯೊಂದು ಜಾಗವನ್ನೂ, ಯಾರು ಏಕೆ ತಿದ್ದಿದರೆಂಬುದನ್ನೂ ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಉಳಿದಿರುವುದು ಒಂದು ಕೋಷ್ಟಕ ಮತ್ತು ಒಂದು ಚಿತ್ರ. ಕೋಷ್ಟಕದ ಅಂಕೆಗಳಿವೆ, ಯಾವ ಸಾಲಿಗೆ ಯಾವುದೆಂದು ತಿಳಿಯದು, ಚಿತ್ರವಂತೂ ಸಿ.ಡಿ.ಯಲ್ಲಿ ಇಲ್ಲವೇ ಇಲ್ಲ. 1990ರ ದಶಕದ ನಮ್ಮ ಸಂಚಿಕೆಗಳನ್ನು ಯಾರಾದರೂ ಅಟ್ಟದ ಮೇಲಿಟ್ಟಿದ್ದರೆ, ದಯವಿಟ್ಟು ರದ್ದಿಯವನಿಗೆ ಹಾಕುವ ಮುನ್ನ ಸಂಘದ ಕಚೇರಿಗೆ ಒಮ್ಮೆ ತೋರಿಸಬೇಕಾಗಿ ವಿನಂತಿ. ಪ್ರತಿಯನ್ನು ನಾವು ಇಟ್ಟುಕೊಳ್ಳುವುದಿಲ್ಲ. ನೆರಳಚ್ಚು ತೆಗೆದುಕೊಂಡು ಅಂದೇ ಹಿಂದಿರುಗಿಸುತ್ತೇವೆ.